ಕಲ್ಯಾಣ ಕರ್ನಾಟಕದ ಸಮಾಜಶಾಸ್ತ್ರದವರಿಗೆ ನಮ್ಮದೇ ಒಂದು ಸಂಘ ಬೇಕಲ್ವಾ?

ಕಲಬುರಗಿ ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತೇನೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ, ಈ ಏಳು ಜಿಲ್ಲೆಗಳ ಸಮಾಜಶಾಸ್ತ್ರದವರು ಸೇರಿ ಒಂದು ಸಂಘ ಕಟ್ಟಬೇಕು ಅನ್ನೋದು ನನ್ನ ಆಸೆ. ನೀವೆಲ್ಲ ಏನಂತೀರಿ ತಿಳಿಯಬೇಕು.

ನಮ್ಮ ಭಾಗದಲ್ಲಿ ಈ ವಿಷಯದವರು ಒಬ್ಬರನ್ನೊಬ್ಬರು ನೋಡುವುದು ಹೆಚ್ಚಾಗಿ ಮೌಲ್ಯಮಾಪನ ಕೇಂದ್ರದಲ್ಲಿ. ಉತ್ತರಪತ್ರಿಕೆ ತಿದ್ದುವ ನಡುವೆ ಚಹಾ ಕುಡಿಯುವಾಗ, ಯಾರೋ ಒಬ್ಬರು ತಾಂಡಾಗಳಿಂದ ಪುಣೆ, ಮುಂಬೈಗೆ ಗುಳೆ ಹೋಗುವವರ ಬಗ್ಗೆ ಪಿಎಚ್‌ಡಿ ಮಾಡಿದ್ದಾರೆ ಅಂತ ಗೊತ್ತಾಗುತ್ತದೆ. ಅದೇ ವಿಷಯದ ಮೇಲೆ ಪಕ್ಕದ ಜಿಲ್ಲೆಯಲ್ಲಿ ಇನ್ನೊಬ್ಬರು ಕೆಲಸ ಮಾಡುತ್ತಿರುತ್ತಾರೆ. ಇಬ್ಬರಿಗೂ ಪರಿಚಯ ಇರುವುದಿಲ್ಲ. ಪದವಿ ಸಿಕ್ಕ ಮೇಲೆ ಪ್ರಬಂಧ ಗ್ರಂಥಾಲಯದ ಕಪಾಟು ಸೇರುತ್ತದೆ. ತಮ್ಮ ಬಗ್ಗೆ ಏನು ಬರೆದರು ಅನ್ನೋದು ಆ ತಾಂಡಾದವರಿಗೆ ತಿಳಿಯುವುದೇ ಇಲ್ಲ.

ಅಧ್ಯಯನ ಮಾಡಲು ಇಲ್ಲಿ ವಿಷಯಕ್ಕೇನೂ ಕೊರತೆ ಇಲ್ಲ. ಈ ಪ್ರದೇಶದ ಬಹುಪಾಲು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ಇಡೀ ರಾಜ್ಯದಲ್ಲಿ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವು ಅಂತ ಗುರುತಿಸಿತು. ಅವುಗಳಲ್ಲಿ 21 ಆಗಿನ ಗುಲ್ಬರ್ಗಾ ವಿಭಾಗದವು. ಆಮೇಲೆ ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, ವಿಶೇಷ ಅನುದಾನ ಬಂತು, ನೇಮಕಾತಿಯಲ್ಲಿ ಮೀಸಲಾತಿ ಬಂತು. ಇದರಿಂದ ಒಂದು ಹಳ್ಳಿಯ ಜಾತಿ ಸಂಬಂಧ, ಮದುವೆ, ಓದು, ದುಡಿಮೆ ಹೇಗೆ ಬದಲಾಯಿತು ಅಂತ ಹೇಳಬೇಕಾದವರು ನಾವೇ. ನಾವು ಒಟ್ಟಾಗಿ ಕೂತು ಆ ಮಾತು ಆಡಿಯೇ ಇಲ್ಲ.

ಸಂಘ ಆದರೆ ಅದು ಏನು ಕೆಲಸ ಮಾಡಬೇಕು? ಯಾರು ಸದಸ್ಯರಾಗಬಹುದು? ದಯವಿಟ್ಟು ಬರೆಯಿರಿ.

ಬೆಂಗಳೂರು ಓದುಗ

ಮೇಡಂ, ನಿಮ್ಮ ಕಾಳಜಿ ಅರ್ಥವಾಯಿತು. ಆದರೆ ದೇಶದ ಮಟ್ಟದಲ್ಲಿ ಭಾರತೀಯ ಸಮಾಜಶಾಸ್ತ್ರ ಸಂಘ ಇದೆ. ರಾಜ್ಯದ ಮಟ್ಟದಲ್ಲೂ ಸಮ್ಮೇಳನಗಳು ಆಗುತ್ತವೆ. ಅದರ ಕೆಳಗೆ ಇನ್ನೊಂದು ಯಾಕೆ? ಎಲ್ಲ ಕಡೆ ಆಗುವುದು ಒಂದೇ. ಉದ್ಘಾಟನೆಗೆ ಅರ್ಧ ದಿನ, ಸನ್ಮಾನಕ್ಕೆ ಒಂದು ಗಂಟೆ, ಆಮೇಲೆ ಒಬ್ಬೊಬ್ಬರಿಗೆ ಐದು ನಿಮಿಷದಂತೆ ಪ್ರಬಂಧ ಮಂಡನೆ, ಸಂಜೆ ಪ್ರಮಾಣಪತ್ರ. ಇದಕ್ಕೆ ಹೊಸ ಸಂಘ ಬೇಕಾಗಿಲ್ಲ. ಪ್ರದೇಶದ ಹೆಸರಲ್ಲಿ ನಾವೇ ಬೇರೆ ಬೇರೆ ಆಗಿಬಿಟ್ಟರೆ ಇರುವ ದನಿಯೂ ಸಣ್ಣದಾಗುತ್ತದೆ ಅನ್ನೋದು ನನ್ನ ಭಯ.

ಮೈಸೂರಿನ ನಿವೃತ್ತ ಮೇಷ್ಟ್ರು

ಬೆಂಗಳೂರಿನ ಗೆಳೆಯರ ಪ್ರಶ್ನೆ ಸರಿಯಾಗಿದೆ. ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಭಾರತೀಯ ಸಮಾಜಶಾಸ್ತ್ರ ಸಂಘವನ್ನು ಮುಂಬೈ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ಪ್ರಾಧ್ಯಾಪಕ ಜಿ.ಎಸ್. ಘುರ್ಯೆ 1951ರಲ್ಲಿ ಮುಂಬೈನಲ್ಲಿ ಶುರು ಮಾಡಿದರು. ಮರುವರ್ಷವೇ ಅದರ ಪತ್ರಿಕೆ 'ಸೋಷಿಯಲಾಜಿಕಲ್ ಬುಲೆಟಿನ್' ಹೊರಬಂತು. ಉತ್ತರ ಭಾರತದವರು ಅಖಿಲ ಭಾರತ ಸಮಾಜಶಾಸ್ತ್ರ ಸಮ್ಮೇಳನ ಅಂತ ಬೇರೆಯೇ ನಡೆಸುತ್ತಿದ್ದರು. 1967ರಲ್ಲಿ ಎರಡೂ ಒಂದಾದವು. ಅಂದರೆ ಇವತ್ತು ರಾಷ್ಟ್ರೀಯ ಅಂತ ನಾವು ಕರೆಯುವ ಸಂಘವೂ ಮೊದಲು ಒಂದು ಊರಿನ ಒಂದು ವಿಭಾಗದವರು ಕಟ್ಟಿಕೊಂಡದ್ದೇ. ಪ್ರದೇಶದಲ್ಲಿ ಹುಟ್ಟಿದ್ದು ಒಡಕಿಗೇ ಕಾರಣ ಆಗಬೇಕು ಅಂತೇನೂ ಇಲ್ಲ.

ಇನ್ನು ನಮ್ಮ ರಾಜ್ಯದ ಮಾತು. ಹೆಸರಾಂತ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮೈಸೂರಿನವರು, ಮಹಾರಾಜ ಕಾಲೇಜಿನಲ್ಲಿ ಓದಿ, ಘುರ್ಯೆ ಹತ್ತಿರ ಹೋದವರು. 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿದ್ದು ಕ್ಷೇತ್ರಕಾರ್ಯ ಮಾಡಿದರು. ಬರಹದಲ್ಲಿ ಆ ಹಳ್ಳಿಗೆ ರಾಂಪುರ ಅಂತ ಹೆಸರಿಟ್ಟರು. 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿದ್ದಾಗ ಬೆಂಕಿಯಲ್ಲಿ ಅವರ ಟಿಪ್ಪಣಿಗಳು ಸುಟ್ಟುಹೋದವು. ನೆನಪಿನಿಂದಲೇ ಬರೆದ ಪುಸ್ತಕ 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಬಂತು. ಇದು ಬಹಳ ಜನರಿಗೆ ಗೊತ್ತು. ಮುಂದಿನದ್ದು ಅಷ್ಟಾಗಿ ಗೊತ್ತಿಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಪಾರ್ವತಮ್ಮ 1978ರಲ್ಲಿ ಆ ಪುಸ್ತಕದ ಮೇಲೆ ಕಟುವಾದ ವಿಮರ್ಶೆ ಬರೆದರು. ಅದರ ಶೀರ್ಷಿಕೆಯಲ್ಲೇ ಅದೊಂದು ಬ್ರಾಹ್ಮಣ ದೃಷ್ಟಿಯ ಪಯಣ ಅಂತ ಕರೆದರು. ಊರನ್ನು ಯಾರ ಮನೆಯ ಜಗಲಿಯಿಂದ ನೋಡಿದಿರಿ ಅನ್ನೋದು ಅಲ್ಲಿದ್ದ ಪ್ರಶ್ನೆ.

ಇಬ್ಬರೂ ಮೈಸೂರಿನ ನಂಟಿನವರು, ಇಬ್ಬರೂ ಹಳ್ಳಿಯಲ್ಲಿ ಕೆಲಸ ಮಾಡಿದವರು. ಇಷ್ಟು ದೊಡ್ಡ ವಾದ ನಡೆದದ್ದು ಇಂಗ್ಲಿಷ್ ಪತ್ರಿಕೆಯಲ್ಲಿ. ಅದು ಕನ್ನಡದಲ್ಲಿ, ನಮ್ಮ ಕಾಲೇಜುಗಳ ಹುಡುಗ ಹುಡುಗಿಯರ ಮುಂದೆ ನಡೆದಿದ್ದರೆ ನಮ್ಮ ಸಮಾಜಶಾಸ್ತ್ರವೇ ಬೇರೆ ಇರುತ್ತಿತ್ತು ಅಂತ ನಾನು ಬಲವಾಗಿ ನಂಬಿದ್ದೇನೆ. ಸಂಘದ ಮೊದಲ ಕೆಲಸ ಅದು. ಇಂಥ ಜಗಳ ಮುಖಾಮುಖಿ, ಗೌರವದಿಂದ, ನಮ್ಮ ಭಾಷೆಯಲ್ಲಿ ನಡೆಯಲು ಜಾಗ ಕೊಡುವುದು.

ದೊಡ್ಡ ಊರಲ್ಲೇ ಆಗಬೇಕು ಅಂತಲೂ ಇಲ್ಲ. ಅಂತರರಾಷ್ಟ್ರೀಯ ತುಲನಾತ್ಮಕ ಸಮಾಜಶಾಸ್ತ್ರದ ಒಂದು ಪತ್ರಿಕೆ 1960ರಲ್ಲಿ ಶುರುವಾದದ್ದು ಧಾರವಾಡದಲ್ಲಿ, ಕರ್ನಾಟಕ ವಿಶ್ವವಿದ್ಯಾಲಯದಿಂದ. ಕಟ್ಟಿದವರು ಹಿರೇಮಲ್ಲೂರ ಈಶ್ವರನ್. ಅವರು ಇಂಗ್ಲಿಷಿನಲ್ಲಿ ಶಿವಾಪುರ ಅನ್ನೋ ಹಳ್ಳಿಯ ಅಧ್ಯಯನ ಬರೆದರು, ಕನ್ನಡದಲ್ಲೂ ಬರೆದರು, ಮುಂದೆ ಕೆನಡಾದಲ್ಲಿ ಪ್ರಾಧ್ಯಾಪಕರಾದರು. ಆ ಪತ್ರಿಕೆ ಇವತ್ತಿಗೂ ಬರುತ್ತಿದೆ.

ರಾಯಚೂರು ಅತಿಥಿ

ಮೇಷ್ಟ್ರ ಮಾತು ಓದಿ ಖುಷಿಯಾಯಿತು. ನಾನು ಬೇರೆ ಕಡೆಯಿಂದ ಮಾತಾಡಬೇಕು.

ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ನಮ್ಮ ಕಡೆ ಎಷ್ಟೋ ಕಾಲೇಜುಗಳಲ್ಲಿ ಸಮಾಜಶಾಸ್ತ್ರ ವಿಭಾಗ ಅಂದರೆ ಅತಿಥಿಗಳೇ. ಕಾಯಂ ಆದವರು ಒಬ್ಬರಿದ್ದರೆ ಪುಣ್ಯ, ಅವರೂ ಎನ್‌ಎಸ್‌ಎಸ್, ನ್ಯಾಕ್ ಮೌಲ್ಯಾಂಕನ, ಪರೀಕ್ಷೆ ಅಂತ ಓಡಾಡುತ್ತಿರುತ್ತಾರೆ. 2022ರ ಜನವರಿಯಲ್ಲಿ ಸರ್ಕಾರ ನಮ್ಮ ಗೌರವಧನ ಹೆಚ್ಚಿಸಿತು. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಅರ್ಹತೆ, ಐದು ವರ್ಷಕ್ಕಿಂತ ಹೆಚ್ಚು ಸೇವೆ ಇದ್ದವರಿಗೆ 32,000 ರೂಪಾಯಿ. ಜೊತೆಗೆ ವಾರಕ್ಕೆ ಎಂಟು ಹತ್ತು ಗಂಟೆ ಇದ್ದ ಪಾಠ ಹದಿನೈದು ಗಂಟೆಯಾಯಿತು. ಇಬ್ಬರ ಕೆಲಸ ಒಬ್ಬರಿಗೆ ಬಂತು, ಇನ್ನೊಬ್ಬರು ಮನೆಗೆ ಹೋದರು. ಆಮೇಲೂ ಹೋರಾಟ ನಿಂತಿಲ್ಲ.

ಈಗ ನನ್ನ ಪ್ರಶ್ನೆ. ನೀವು ಕಟ್ಟುವ ಸಂಘದಲ್ಲಿ ನಮಗೆ ಮತ ಇರುತ್ತದಾ? ನಾನು ನೋಡಿದ ಎಷ್ಟೋ ವಿಚಾರ ಸಂಕಿರಣಗಳಲ್ಲಿ ಅತಿಥಿ ಉಪನ್ಯಾಸಕರು ಕುರ್ಚಿ ಹಾಕಿಸುವುದು, ನೋಂದಣಿ ಟೇಬಲ್ಲಿನಲ್ಲಿ ಕೂರುವುದು, ಊಟದ ಕೂಪನ್ ಕೊಡುವುದು ಮಾಡುತ್ತಾರೆ. ವೇದಿಕೆಯ ಮೇಲೆ ಇರುವುದಿಲ್ಲ. ಆಜೀವ ಸದಸ್ಯತ್ವಕ್ಕೆ ಒಂದೇ ಸಲ ಸಾವಿರಗಟ್ಟಲೆ ಕಟ್ಟಿ ಅಂದರೆ ನಾವು ಎಲ್ಲಿಂದ ತರಬೇಕು? ರಜೆಯ ತಿಂಗಳುಗಳಲ್ಲಿ ನಮಗೆ ಗೌರವಧನವೇ ಇರುವುದಿಲ್ಲ.

ಅಸಮಾನತೆ ಬಗ್ಗೆ ದಿನಾ ಪಾಠ ಮಾಡುವವರು ನಾವು. ನಮ್ಮದೇ ಸಂಘದಲ್ಲಿ ಕಾಯಂ ಇದ್ದವರು ಮೇಲೆ, ಅತಿಥಿ ಕೆಳಗೆ ಅಂತ ಆದರೆ ನಾನು ಬರುವುದಿಲ್ಲ. ಪೂರ್ತಿ ಮತ, ಪೂರ್ತಿ ಹಕ್ಕು ಇದ್ದರೆ ಮೊದಲ ದಿನವೇ ಬರುತ್ತೇನೆ, ಇನ್ನೂ ಹತ್ತು ಜನರನ್ನು ಕರೆತರುತ್ತೇನೆ.

ಯಾದಗಿರಿ ಪಿಯು

ಪಿಯು ಉಪನ್ಯಾಸಕರನ್ನೂ ಸೇರಿಸಿಕೊಳ್ಳಿ. ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ತೆಗೆದುಕೊಂಡ ಮಕ್ಕಳಿಗೆ ಈ ವಿಷಯದ ಮೊದಲ ಪರಿಚಯ ಮಾಡಿಸುವವರು ನಾವು. ಸಮಾಜಶಾಸ್ತ್ರ ಸುಲಭ, ಕಂಠಪಾಠ ಮಾಡಿದರೆ ಪಾಸು ಅಂತ ಮಕ್ಕಳ ಮನಸ್ಸಲ್ಲಿ ಕೂತುಬಿಟ್ಟಿದೆ. ಪಠ್ಯದಲ್ಲಿ ಓದುವ ಹಳ್ಳಿಗೂ ಅವರ ಊರಿಗೂ ಏನು ಸಂಬಂಧ ಅಂತ ತೋರಿಸಲು ನಮ್ಮ ಹತ್ತಿರ ಸ್ಥಳೀಯ ಅಧ್ಯಯನ ಒಂದೂ ಇಲ್ಲ.

ಬೀದರ್ ಸಂಶೋಧಕಿ

ಯಾದಗಿರಿ ಸರ್, ಒಂದು ಇದೆ. ಅಮೆರಿಕದ ಮಾನವಶಾಸ್ತ್ರಜ್ಞ ಅಲನ್ ಬೀಲ್ಸ್ ಆಗಿನ ಗುಲ್ಬರ್ಗಾ ಜಿಲ್ಲೆಯ ಗೋಪಾಲಪುರ ಅನ್ನೋ ಹಳ್ಳಿಯ ಬಗ್ಗೆ 1962ರಲ್ಲಿ ಪುಸ್ತಕ ಬರೆದಿದ್ದಾರೆ. ಹೈದರಾಬಾದ್ ಕಡೆ ಸಮಾಜಶಾಸ್ತ್ರಜ್ಞ ಎಸ್.ಸಿ. ದುಬೆ ಶಾಮೀರ್‌ಪೇಟ್ ಅಧ್ಯಯನ ಮಾಡಿದ್ದು 1950ರ ದಶಕದ ಆರಂಭದಲ್ಲಿ. ಅದು ನಿಜಾಮರ ರಾಜ್ಯದ ಹಳ್ಳಿ, ನಮ್ಮ ಹಳ್ಳಿಗಳ ಚರಿತ್ರೆಗೆ ಹತ್ತಿರ ಇದೆ. ಇವೆರಡೂ ನಮ್ಮ ಮಕ್ಕಳ ಕೈಗೆ ಸಿಗುವುದಿಲ್ಲ, ಅದು ಬೇರೆ ಮಾತು. ಬೀಲ್ಸ್ ನೋಡಿದ ಊರಿಗೆ ಅರವತ್ತು ವರ್ಷದ ಮೇಲೆ ನಮ್ಮವರೇ ಹೋಗಿ ಮತ್ತೆ ಅಧ್ಯಯನ ಮಾಡಿದರೆ ಎಷ್ಟು ಚೆನ್ನ ಅಲ್ವಾ? ಒಬ್ಬ ವಿದ್ಯಾರ್ಥಿಯ ಕೈಲಿ ಆಗುವುದಲ್ಲ ಅದು. ಸಂಘ ಇದ್ದರೆ ಆಗುತ್ತದೆ.

ನನ್ನ ಸಂಕಟ ಬೇರೆ ಇದೆ. ನಾನು ಪಿಎಚ್‌ಡಿ ಎರಡನೇ ವರ್ಷದಲ್ಲಿದ್ದೇನೆ. ಮಾತಾಡಿಸುವ ಹೆಂಗಸರ ಜೊತೆ ಕನ್ನಡ, ಲಂಬಾಣಿ, ಮರಾಠಿ, ದಖನಿ ಉರ್ದು ಎಲ್ಲ ಬೆರೆಸಿ ಮಾತಾಡುತ್ತೇನೆ. ಟಿಪ್ಪಣಿ ಕನ್ನಡದಲ್ಲಿ ಬರೆಯುತ್ತೇನೆ. ಆಮೇಲೆ ಎಲ್ಲವನ್ನೂ ಇಂಗ್ಲಿಷಿಗೆ ತರಬೇಕು, ಏಕೆಂದರೆ ಪ್ರಕಟಿಸಬೇಕಾದ ಪತ್ರಿಕೆಗಳೆಲ್ಲ ಇಂಗ್ಲಿಷಿನವು. ಯುಜಿಸಿ ಒಪ್ಪಿದ ಸಂಶೋಧನಾ ಪತ್ರಿಕೆಗಳ 'ಕೇರ್' ಪಟ್ಟಿ ಇದ್ದಾಗ ಆ ಪಟ್ಟಿಯ ಪತ್ರಿಕೆ ಅಂತ ಹೇಳಿಕೊಂಡು ದುಡ್ಡು ಕೇಳುವ ಮೆಸೇಜುಗಳು ಬರುತ್ತಿದ್ದವು. 2025ರ ಫೆಬ್ರವರಿಯಲ್ಲಿ ಯುಜಿಸಿ ಆ ಪಟ್ಟಿಯನ್ನೇ ಕೈಬಿಟ್ಟಿತು. ಈಗ ಪತ್ರಿಕೆ ಒಳ್ಳೆಯದೋ ಅಲ್ಲವೋ ಅಂತ ಆಯಾ ಸಂಸ್ಥೆಗಳೇ ನಿರ್ಧರಿಸಬೇಕು. ಇದು ನಮಗೆ ಒಂದು ಅವಕಾಶ ಅನ್ನಿಸುತ್ತದೆ. ಇಬ್ಬರು ಪರಿಣತರು ಓದಿ, ತಿದ್ದಿ, ಒಪ್ಪಿದ ಮೇಲೆ ಮಾತ್ರ ಪ್ರಕಟಿಸುವ, ದುಡ್ಡು ಕೇಳದ ಒಂದು ಕನ್ನಡ ಪತ್ರಿಕೆ ಬೇಕು. ವರ್ಷಕ್ಕೆ ಎರಡೇ ಸಂಚಿಕೆ ಸಾಕು.

ನಮ್ಮ ಗಡಿಯಾಚೆ ಮಹಾರಾಷ್ಟ್ರದಲ್ಲಿ ಮರಾಠಿ ಸಮಾಜಶಾಸ್ತ್ರ ಪರಿಷತ್ತು ಇದೆ. ಅಲ್ಲಿ ಅಧಿವೇಶನ ಮರಾಠಿಯಲ್ಲಿ ನಡೆಯುತ್ತದೆ. ಅಲ್ಲಿ ಆಗುವುದು ಇಲ್ಲಿ ಯಾಕೆ ಆಗಬಾರದು?

ಬೆಂಗಳೂರು ಓದುಗ

ಪತ್ರಿಕೆಯ ಯೋಚನೆ ಒಪ್ಪುತ್ತೇನೆ. ಆದರೆ ಅದನ್ನು ಏಳು ಜಿಲ್ಲೆಗೆ ಯಾಕೆ ಸೀಮಿತ ಮಾಡಬೇಕು? ಇಡೀ ಕನ್ನಡಕ್ಕೆ ಆಗಲಿ. ಚಾಮರಾಜನಗರದ ಸೋಲಿಗರ ಬಗ್ಗೆ ಬರೆದದ್ದನ್ನೂ ಬೀದರಿನಲ್ಲಿ ಓದುವಂತಾಗಲಿ.

ಬೀದರ್ ಸಂಶೋಧಕಿ

ಸರಿ ಸರ್. ಪತ್ರಿಕೆ ಇಡೀ ಕನ್ನಡಕ್ಕೆ, ಸಂಘ ನಮ್ಮ ಭಾಗಕ್ಕೆ. ಬೀದರಿನಿಂದ ಬೆಂಗಳೂರಿಗೆ ಬಂದು ಹೋಗುವುದೆಂದರೆ ಎರಡು ರಾತ್ರಿಯ ಪ್ರಯಾಣ. ನನ್ನಂಥವರಿಗೆ ಮನೆಯಲ್ಲಿ ಒಪ್ಪಿಸುವುದೇ ಕಷ್ಟ. ಕಲಬುರಗಿಗಾದರೆ ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಹುಡುಗಿಯರು ಜಾಸ್ತಿ ಬರಬೇಕೆಂದರೆ ಸಭೆ ಹತ್ತಿರ ಇರಬೇಕು.

ಅಟ್ಲಾಂಟಾ ಕನ್ನಡಿಗ

ಬೀದರ್ ಸಂಶೋಧಕಿ ಹೇಳಿದ ಕೊನೆಯ ಮಾತಿಗೆ ಇಲ್ಲಿಂದ ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದಲ್ಲಿ ರಾಷ್ಟ್ರೀಯ ಸಮಾಜಶಾಸ್ತ್ರ ಸಂಘ 1905ರಿಂದ ಇದೆ. ಅದು ಇದ್ದೂ ಪ್ರದೇಶವಾರು ಸಂಘಗಳು ಹುಟ್ಟಿಕೊಂಡವು. ಪೆಸಿಫಿಕ್ ಕಡೆಯವರದು 1929ರಲ್ಲಿ, ಪೂರ್ವದವರದು 1930ರಲ್ಲಿ, ದಕ್ಷಿಣದವರದು 1935ರಲ್ಲಿ, ಮಧ್ಯಪಶ್ಚಿಮದವರದು 1936ರಲ್ಲಿ. ತೊಂಬತ್ತು ವರ್ಷ ಕಳೆದರೂ ಎಲ್ಲವೂ ನಡೆಯುತ್ತಿವೆ. ಎರಡೂ ಕಡೆ ಸದಸ್ಯರಾಗಿರುವವರು ಬಹಳ ಜನ ಇದ್ದಾರೆ. ರಾಷ್ಟ್ರೀಯ ಸಮ್ಮೇಳನ ದೊಡ್ಡ ನಗರದ ದೊಡ್ಡ ಹೋಟೆಲಿನಲ್ಲಿ ಆಗುತ್ತದೆ, ಖರ್ಚು ಜಾಸ್ತಿ. ಪ್ರಾದೇಶಿಕ ಸಭೆಗೆ ಸಣ್ಣ ಕಾಲೇಜಿನ ಅಧ್ಯಾಪಕರು ವಿದ್ಯಾರ್ಥಿಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಬರುತ್ತಾರೆ. ಬಿ.ಎ. ಓದುವ ಮಕ್ಕಳೂ ಪೋಸ್ಟರ್ ಮಂಡಿಸುತ್ತಾರೆ. ತಮ್ಮ ಜೀವನದ ಮೊದಲ ಪ್ರಬಂಧವನ್ನು ಅಲ್ಲಿ ಓದಿದವರು ಎಷ್ಟೋ ಜನ.

ನನಗೆ ಬಹಳ ಮುಖ್ಯ ಅನ್ನಿಸುವ ಸಂಗತಿ ಇನ್ನೊಂದಿದೆ. ಇಲ್ಲಿನ ದಕ್ಷಿಣ ರಾಜ್ಯಗಳಲ್ಲಿ ಆಗ ವರ್ಣಭೇದದ ಕಾನೂನುಗಳಿದ್ದವು. ಕಪ್ಪು ಜನರಿಗೆ ಶಾಲೆ, ಬಸ್ಸು, ಹೋಟೆಲು ಎಲ್ಲ ಬೇರೆ. ಅಂಥ ಕಾಲದಲ್ಲಿ, 1945–46ರ ಅವಧಿಗೆ ದಕ್ಷಿಣದ ಸಂಘ ಚಾರ್ಲ್ಸ್ ಎಸ್. ಜಾನ್ಸನ್ ಅವರನ್ನು ಅಧ್ಯಕ್ಷರನ್ನಾಗಿ ಮಾಡಿತು. ಜಾನ್ಸನ್ ಕಪ್ಪು ಸಮಾಜಶಾಸ್ತ್ರಜ್ಞ, ನ್ಯಾಶ್‌ವಿಲ್‌ನ ಫಿಸ್ಕ್ ವಿಶ್ವವಿದ್ಯಾಲಯದವರು. ಹತ್ತಿ ಬೆಳೆಯುವ ಸೀಮೆಯ ಬಡ ಗೇಣಿದಾರರ ಬಗ್ಗೆ ಕೆಲಸ ಮಾಡಿದವರು. ಅವರನ್ನು ಆರಿಸಿದ್ದರಿಂದ ಕಾನೂನು ಬದಲಾಗಲಿಲ್ಲ. ಆದರೆ ಆ ವೃತ್ತಿಯವರು ತಮ್ಮೊಳಗೆ ಯಾರನ್ನು ಮುಂದೆ ಕೂರಿಸುತ್ತಾರೆ ಅಂತ ಎಲ್ಲರಿಗೂ ಗೊತ್ತಾಯಿತು. ರಾಯಚೂರು ಅತಿಥಿ ಅವರ ಪ್ರಶ್ನೆಗೆ ಇದು ಸಂಬಂಧಪಟ್ಟದ್ದು ಅಂತ ನನ್ನ ಭಾವನೆ.

ಶುಲ್ಕದ ಬಗ್ಗೆ: ಇಲ್ಲಿನ ರಾಷ್ಟ್ರೀಯ ಸಂಘದಲ್ಲಿ ವರಮಾನ ನೋಡಿ ಶುಲ್ಕ. ಹೆಚ್ಚು ಸಂಬಳದವರು ಹೆಚ್ಚು ಕೊಡುತ್ತಾರೆ, ವಿದ್ಯಾರ್ಥಿಗಳು ಕಡಿಮೆ. ಇದನ್ನು ನೀವೂ ಮಾಡಬಹುದು.

ಕೊಪ್ಪಳ ಕಾರ್ಯಕರ್ತ

ನಾನು ಎಂ.ಎ. ಸಮಾಜಶಾಸ್ತ್ರ ಮಾಡಿ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿದ್ದೇನೆ. ಪಾಠ ಮಾಡುವವನಲ್ಲ. ಕೆಲವು ಮಾತು ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಕಾಲೇಜಿನವರು ನಮ್ಮ ಹಳ್ಳಿಗಳಿಗೆ ಪ್ರಶ್ನಾವಳಿ ಹಿಡಿದುಕೊಂಡು ಬರುತ್ತಾರೆ. ಮನೆಯಲ್ಲಿ ಎಷ್ಟು ಜನ, ಎಷ್ಟು ಎಕರೆ, ಯಾವ ಜಾತಿ, ಶೌಚಾಲಯ ಇದೆಯಾ. ಹೆಣ್ಣುಮಕ್ಕಳು ಕೆಲಸ ಬಿಟ್ಟು ಕೂತು ಉತ್ತರ ಹೇಳುತ್ತಾರೆ. ದೇವದಾಸಿ ತಾಯಂದಿರನ್ನಂತೂ ಪ್ರತಿ ವರ್ಷ ಯಾರಾದರೂ ಬಂದು ಅದೇ ನೋವಿನ ಕತೆ ಮತ್ತೆ ಹೇಳಿಸುತ್ತಾರೆ. ದೇವದಾಸಿ ಸಮರ್ಪಣೆ ನಿಷೇಧದ ಕಾಯಿದೆ ಬಂದದ್ದು 1982ರಲ್ಲಿ. 1993–94ರಲ್ಲಿ ಒಂದು, 2007–08ರಲ್ಲಿ ಇನ್ನೊಂದು ಸರ್ಕಾರಿ ಸಮೀಕ್ಷೆ ಆದವು. ಪಟ್ಟಿಯಿಂದ ಬಿಟ್ಟುಹೋದವರು ಪಿಂಚಣಿಗೆ ಅಲೆಯುತ್ತಲೇ ಇದ್ದರು. ಅವರಿಗೆ ಸಂಶೋಧಕರು ಸಹಾಯ ಮಾಡಬಹುದಿತ್ತು, ಹೆಸರು ಬಿಟ್ಟುಹೋಗಿದೆ ಅಂತ ಬರೆದುಕೊಡಬಹುದಿತ್ತು. ಪ್ರಬಂಧ ಮುಗಿದ ಮೇಲೆ ಯಾರೂ ವಾಪಸ್ ಬರಲಿಲ್ಲ.

ಆದ್ದರಿಂದ ಸಂಘಕ್ಕೆ ಒಂದು ನಿಯಮ ಇರಲಿ. ಯಾವ ಊರಿನ ಬಗ್ಗೆ ಸಂಶೋಧನೆ ಮಾಡುತ್ತೀರೋ ಆ ಊರಿಗೆ ಹೋಗಿ, ಕಂಡದ್ದನ್ನು ಕನ್ನಡದಲ್ಲಿ ಊರವರ ಮುಂದೆ ಹೇಳಬೇಕು. ಅವರು ತಪ್ಪು ಅಂದದ್ದನ್ನು ಬರೆದುಕೊಳ್ಳಬೇಕು. ಹೆಸರು ಬಚ್ಚಿಡಬೇಕು ಅಂದರೆ ಬಚ್ಚಿಡಬೇಕು. ಇದನ್ನು ಸುಮ್ನೆ ಆಶಯ ಅಂತ ಬರೆಯಬೇಡಿ. ಮಾಡದವರ ಪ್ರಬಂಧ ಸಂಘದ ಸಭೆಯಲ್ಲಿ ಮಂಡಿಸಲು ಬಿಡಬೇಡಿ.

ನಮ್ಮಂಥವರಿಗೂ ಸದಸ್ಯತ್ವ ಕೊಡಿ. ನಾವೂ ಇದೇ ವಿಷಯ ಓದಿದವರು, ದಿನಾ ಇದೇ ಕೆಲಸ ಮಾಡುವವರು.

ಮೈಸೂರಿನ ನಿವೃತ್ತ ಮೇಷ್ಟ್ರು

ಕೊಪ್ಪಳದವರ ನಿಯಮಕ್ಕೆ ನನ್ನ ಪೂರ್ತಿ ಬೆಂಬಲ. ಒಂದೇ ಒಂದು ತೊಡಕು ಹೇಳುತ್ತೇನೆ. ಊರವರ ಮುಂದೆ ಅಂದರೆ ಊರಿನ ಯಾರ ಮುಂದೆ? ಗ್ರಾಮ ಪಂಚಾಯಿತಿ ಕಟ್ಟೆಯಲ್ಲಿ ಸಭೆ ಕರೆದರೆ ಮಾತಾಡುವವರು ದೊಡ್ಡ ಮನೆಯವರು. ದಲಿತ ಕೇರಿಯ ಬಗ್ಗೆ ಬರೆದದ್ದನ್ನು ಅಲ್ಲಿ ಓದಿದರೆ, ಮಾಹಿತಿ ಕೊಟ್ಟವರಿಗೆ ಮರುದಿನ ತೊಂದರೆ ಆಗಬಹುದು. ಕೇರಿಯಲ್ಲಿ ಬೇರೆ, ಹೆಂಗಸರ ಜೊತೆ ಬೇರೆ ಕೂತು ಹೇಳಬೇಕು. ನಿಯಮ ಬರೆಯುವಾಗ ಇದನ್ನು ಬಿಡಬೇಡಿ.

ಕೊಪ್ಪಳ ಕಾರ್ಯಕರ್ತ

ಹೌದು ಸರ್. ಕೇರಿಯಿಂದಲೇ ಶುರು ಮಾಡಬೇಕು.

ಬಳ್ಳಾರಿ ಸಹಾಯಕ ಪ್ರಾಧ್ಯಾಪಕ

ನನ್ನದು ಸ್ವಲ್ಪ ಭಿನ್ನಾಭಿಪ್ರಾಯ. ವೃತ್ತಿಪರ ಸಂಘ ಅಂದ ಮೇಲೆ ಕನಿಷ್ಠ ಅರ್ಹತೆ ಇರಬೇಕು. ಎಲ್ಲರೂ ಬರಬಹುದು ಅಂದರೆ ಅದು ಸಾಮಾಜಿಕ ಸಂಘಟನೆ ಆಗುತ್ತದೆ, ಒಳ್ಳೆಯದೇ, ಆದರೆ ಸಮಾಜಶಾಸ್ತ್ರಜ್ಞರ ಸಂಘ ಅಲ್ಲ. ಎಂ.ಎ. ಸಮಾಜಶಾಸ್ತ್ರ ಅಥವಾ ಸಮೀಪದ ವಿಷಯ ಮಾಡಿದವರಿಗೆ ಪೂರ್ಣ ಸದಸ್ಯತ್ವ ಕೊಡೋಣ. ಕಾಯಂ, ಅತಿಥಿ, ಕಾರ್ಯಕರ್ತ ಅಂತ ಭೇದ ಬೇಡ. ಉಳಿದವರು ಬಂದು ಕೇಳಲಿ, ಮಾತಾಡಲಿ, ಆದರೆ ಮತ ಬೇಡ.

ಇನ್ನು ಸಾರ್ವಜನಿಕವಾಗಿ ಮಾತಾಡುವ ವಿಷಯ. ಇದನ್ನು ಯಾರೂ ಎತ್ತಿಲ್ಲ. 2025ರ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ನಡೆಯಿತಲ್ಲ. 60 ಪ್ರಶ್ನೆ, ಮನೆ ಮನೆಗೆ ಶಿಕ್ಷಕರು. ಮನೆ ಗುರುತಿಸಲು ವಿದ್ಯುತ್ ಮೀಟರ್ ಆಧಾರ, ಬಾಗಿಲಿಗೆ ಸ್ಟಿಕ್ಕರ್. ಅದೇ ಹೊತ್ತಿಗೆ ಕಲಬುರಗಿ, ಯಾದಗಿರಿ ಕಡೆ ಭೀಮಾ ನದಿ ಉಕ್ಕಿ ಊರುಗಳು ಮುಳುಗಿದ್ದವು. ಗುಳೆ ಹೋದವರ ಮನೆಗೆ ಬೀಗ. ಮೀಟರ್ ಇಲ್ಲದ ಗುಡಿಸಲು ಎಣಿಕೆಗೆ ಹೇಗೆ ಬರುತ್ತದೆ? ಬೀಗ ಹಾಕಿದ ತಾಂಡಾ ಮನೆಯ ಕುಟುಂಬವನ್ನು ಬೆಂಗಳೂರಿನ ಶೆಡ್ಡಿನಲ್ಲಿ ಯಾರು ಹುಡುಕುತ್ತಾರೆ? ಇವು ರಾಜಕೀಯ ಪ್ರಶ್ನೆಗಳಲ್ಲ, ನಮ್ಮ ಸಂಶೋಧನಾ ವಿಧಾನದ ಪ್ರಶ್ನೆಪತ್ರಿಕೆಯಲ್ಲಿ ಬರುವ ಪ್ರಶ್ನೆಗಳು. ಟಿವಿಯಲ್ಲಿ ಎಲ್ಲ ಪಕ್ಷದವರು, ಎಲ್ಲ ಮಠದವರು ಮಾತಾಡಿದರು. ನಮ್ಮ ಭಾಗದ ಸಮಾಜಶಾಸ್ತ್ರದವರು ಒಂದಾಗಿ ಒಂದು ಪುಟದ ಹೇಳಿಕೆ ಕೂಡ ಕೊಡಲಿಲ್ಲ. ಕೊಡಲು ನಮಗೆ ವೇದಿಕೆಯೇ ಇರಲಿಲ್ಲ.

ಈ ರಾಜ್ಯದಲ್ಲಿ ಹಿಂದುಳಿದವರನ್ನು ಗುರುತಿಸುವ ಇಂಥ ಕೆಲಸಕ್ಕೆ ನೂರು ವರ್ಷದ ಹಿನ್ನೆಲೆ ಇದೆ. 1918ರಲ್ಲಿ ಮಿಲ್ಲರ್ ಸಮಿತಿ, 1960ರ ಹೊತ್ತಿಗೆ ನಾಗನಗೌಡ ಸಮಿತಿ, 1972ರಲ್ಲಿ ಹಾವನೂರು ಆಯೋಗ, ಆಮೇಲೆ ವೆಂಕಟಸ್ವಾಮಿ, ಚಿನ್ನಪ್ಪ ರೆಡ್ಡಿ. ಒಂದೊಂದು ಆಯೋಗವೂ ಹಿಂದುಳಿದಿರುವಿಕೆ ಅಂದರೆ ಏನು, ಅದನ್ನು ಹೇಗೆ ಅಳೆಯಬೇಕು ಅಂತ ಕೇಳಿಕೊಂಡೇ ಕೆಲಸ ಮಾಡಿದೆ. ಅಳತೆಯ ಮಾತು ಬಂದಾಗ ನಾವು ಮಾತಾಡದಿದ್ದರೆ ಇನ್ಯಾರು ಮಾತಾಡಬೇಕು?

ರಾಯಚೂರು ಅತಿಥಿ

ಬಳ್ಳಾರಿ ಸರ್, ಭೇದ ಬೇಡ ಅಂದಿರಲ್ಲ, ಅಷ್ಟು ಸಾಕು. ಧನ್ಯವಾದ. ಆದರೆ ಹೇಳಿಕೆ ಕೊಡುವಾಗ ಎಚ್ಚರ ಇರಲಿ. ಸದಸ್ಯರಲ್ಲಿ ಎಲ್ಲ ಜಾತಿಯವರು ಇರುತ್ತಾರೆ, ಅವರವರ ಸಮುದಾಯದ ಒತ್ತಡ ಇರುತ್ತದೆ. ಜಾತಿಯ ಸಂಖ್ಯೆ ಹೆಚ್ಚೋ ಕಡಿಮೆಯೋ ಅನ್ನೋದಕ್ಕೆ ಸಂಘ ಹೋಗಬಾರದು. ಎಣಿಸಿದ ರೀತಿ ಸರಿಯಾ, ಯಾರು ಬಿಟ್ಟುಹೋದರು ಅನ್ನೋದನ್ನು ಮಾತ್ರ ಹೇಳಬೇಕು.

ಬಳ್ಳಾರಿ ಸಹಾಯಕ ಪ್ರಾಧ್ಯಾಪಕ

ಒಪ್ಪಿದೆ.

ಲೆಕ್ಕಪತ್ರ ನೋಡಿದವರು

ನಾನು ಬೇರೆ ವಿಷಯದ ಅಧ್ಯಾಪಕ, ನಮ್ಮ ವಿಷಯದ ಸಂಘದಲ್ಲಿ ಖಜಾಂಚಿಯಾಗಿದ್ದೆ. ಕೆಲವು ಪ್ರಾಯೋಗಿಕ ಮಾತು.

ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರ ಕೆಳಗೆ ನೋಂದಣಿ ಮಾಡಿಸಲು ಏಳು ಜನ ಸಾಕು. ಸಹಕಾರ ಇಲಾಖೆಯ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಆಗುತ್ತದೆ. ಮಾಡಿಸುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ. ಪ್ರತಿ ವರ್ಷ ಸರ್ವಸದಸ್ಯರ ಸಭೆ ಕರೆಯಬೇಕು, ಲೆಕ್ಕ ಪರಿಶೋಧನೆ ಮಾಡಿಸಬೇಕು, ಆಡಳಿತ ಮಂಡಳಿಯ ಪಟ್ಟಿ ಸಲ್ಲಿಸಬೇಕು. ಎಷ್ಟೋ ಸಂಘಗಳು ನಿಲ್ಲುವುದು ಇಲ್ಲೇ. ಅಧ್ಯಕ್ಷರು ನಿವೃತ್ತರಾದರು, ಕಾರ್ಯದರ್ಶಿಗೆ ವರ್ಗ ಆಯಿತು, ಪಾಸ್‌ಬುಕ್ ಯಾರ ಹತ್ತಿರ ಇದೆ ಗೊತ್ತಿಲ್ಲ.

ಬೈಲಾದಲ್ಲಿ ಮೂರು ವಿಷಯ ಗಟ್ಟಿಯಾಗಿ ಬರೆಯಿರಿ. ಒಬ್ಬರು ಒಂದು ಹುದ್ದೆಯಲ್ಲಿ ಎರಡು ಅವಧಿಗಿಂತ ಹೆಚ್ಚು ಇರಬಾರದು. ಪದಾಧಿಕಾರಿಗಳು ಒಂದೇ ಜಿಲ್ಲೆಯವರಾಗಿರಬಾರದು. ಆಜೀವ ಸದಸ್ಯತ್ವದ ಹಣವನ್ನು ಠೇವಣಿ ಇಟ್ಟು ಬಡ್ಡಿಯನ್ನು ಮಾತ್ರ ಖರ್ಚು ಮಾಡಬೇಕು. ಆ ಹಣವನ್ನು ಮೊದಲ ಸಮ್ಮೇಳನದ ಊಟ, ಶಾಮಿಯಾನಕ್ಕೇ ಖರ್ಚು ಮಾಡಿದ ಸಂಘಗಳನ್ನು ಕಣ್ಣಾರೆ ಕಂಡಿದ್ದೇನೆ. ಎರಡನೇ ವರ್ಷಕ್ಕೆ ಅಂಚೆ ಖರ್ಚಿಗೂ ದುಡ್ಡಿರಲಿಲ್ಲ.

ಯಾದಗಿರಿ ಪಿಯು

ವಾರ್ಷಿಕ ಸದಸ್ಯತ್ವವೂ ಇರಲಿ. ಸಣ್ಣ ಮೊತ್ತ, ಯುಪಿಐ ಮೂಲಕ. ಆಜೀವ ಬೇಕಾದವರು ಕಂತಿನಲ್ಲಿ ಕಟ್ಟಲಿ.

ಕಲಬುರಗಿ ಉಪನ್ಯಾಸಕಿ

ಇಷ್ಟು ಒಳ್ಳೆಯ ಮಾತುಗಳು ಬರುತ್ತವೆ ಅಂತ ನಾನು ಅಂದುಕೊಂಡಿರಲಿಲ್ಲ. ಎಲ್ಲರಿಗೂ ಧನ್ಯವಾದ.

ನನ್ನ ನಿಲುವು ಹೇಳಿಬಿಡುತ್ತೇನೆ. ಅತಿಥಿ ಉಪನ್ಯಾಸಕರು, ಪಿಯು ಉಪನ್ಯಾಸಕರು, ಸಂಶೋಧನಾ ವಿದ್ಯಾರ್ಥಿಗಳು, ಈ ವಿಷಯ ಓದಿ ಹಳ್ಳಿಗಳಲ್ಲಿ ದುಡಿಯುವವರು, ಎಲ್ಲರಿಗೂ ಪೂರ್ಣ ಮತ ಇಲ್ಲದಿದ್ದರೆ ಈ ಸಂಘ ಬೇಡ. ಶುಲ್ಕ ವರಮಾನಕ್ಕೆ ತಕ್ಕಂತೆ. ಮಂಡನೆ ಕನ್ನಡದಲ್ಲಿ, ಬೇರೆ ಭಾಷೆಯಲ್ಲಿ ಮಾತಾಡುವವರಿಗೂ ಅವಕಾಶ. ಒಂದು ಪ್ರಬಂಧಕ್ಕೆ ಅರ್ಧ ಗಂಟೆ, ಅದರಲ್ಲಿ ಅರ್ಧ ಸಮಯ ಪ್ರಶ್ನೆಗೆ. ಸನ್ಮಾನ ಇಲ್ಲ. ಆ ಹಣದಲ್ಲಿ ದೂರದಿಂದ ಬರುವ ವಿದ್ಯಾರ್ಥಿನಿಯರಿಗೆ ಬಸ್ ಖರ್ಚು ಕೊಡೋಣ.

ಎಂ.ಎ. ಕಡ್ಡಾಯ ಅನ್ನೋದರ ಬಗ್ಗೆ ಬಳ್ಳಾರಿ ಸರ್ ಜೊತೆ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಬಿ.ಎ.ಯಲ್ಲಿ ಸಮಾಜಶಾಸ್ತ್ರ ಓದಿ ಇಪ್ಪತ್ತು ವರ್ಷ ಹಳ್ಳಿಗಳಲ್ಲಿ ಮಹಿಳಾ ಸಂಘ ಕಟ್ಟಿದವರನ್ನು ಹೊರಗಿಡಲು ನನಗೆ ಮನಸ್ಸು ಬರುವುದಿಲ್ಲ. ಇದನ್ನು ಮುಖಾಮುಖಿ ಕೂತು ಮಾತಾಡಿ ತೀರ್ಮಾನಿಸೋಣ.

ನೋಂದಣಿಗೆ ಮೊದಲೇ ಒಂದು ಕೆಲಸ ಶುರು ಮಾಡಬಹುದು. ಈ ಏಳು ಜಿಲ್ಲೆಗಳ ಬಗ್ಗೆ ಇದುವರೆಗೆ ಬಂದ ಸಮಾಜಶಾಸ್ತ್ರದ ಪಿಎಚ್‌ಡಿ ಪ್ರಬಂಧಗಳ ಪಟ್ಟಿ. ಊರು, ವಿಷಯ, ವರ್ಷ, ಪ್ರಬಂಧ ಈಗ ಎಲ್ಲಿದೆ. ಜಿಲ್ಲೆಗೊಬ್ಬರು ಮುಂದೆ ಬಂದರೆ ಸಾಕು. ಕಲಬುರಗಿ ನನ್ನದು. ಗುಲ್ಬರ್ಗಾ ವಿಶ್ವವಿದ್ಯಾಲಯ 1980ರಿಂದ ಇದೆ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ 2009ರಿಂದ. ಎರಡೂ ಗ್ರಂಥಾಲಯಕ್ಕೆ ನಾನು ಹೋಗುತ್ತೇನೆ.

ರಾಯಚೂರು ಅತಿಥಿ

ರಾಯಚೂರು ನನಗೆ ಬಿಡಿ.

ಕೊಪ್ಪಳ ಕಾರ್ಯಕರ್ತ

ಕೊಪ್ಪಳ ನಾನು ಮಾಡುತ್ತೇನೆ. ಪಟ್ಟಿಯಲ್ಲಿ ಇನ್ನೊಂದು ಕಾಲಂ ಸೇರಿಸಿ: ಪ್ರಬಂಧ ಮುಗಿದ ಮೇಲೆ ಬರೆದವರು ಆ ಊರಿಗೆ ಹೋಗಿ ತಿಳಿಸಿದ್ದಾರಾ ಇಲ್ಲವಾ.

ಬೀದರ್ ಸಂಶೋಧಕಿ

ಬೀದರ್ ನನ್ನದು. 2009ರ ಯುಜಿಸಿ ನಿಯಮದ ನಂತರದವು ಪ್ರಬಂಧಗಳ ಆನ್ಲೈನ್ ಸಂಗ್ರಹ ಶೋಧಗಂಗಾದಲ್ಲಿ ಸುಮಾರಾಗಿ ಸಿಗುತ್ತವೆ, ಹಳೆಯವನ್ನು ಗ್ರಂಥಾಲಯದಲ್ಲೇ ನೋಡಬೇಕು. ಎಂ.ಫಿಲ್ ಪ್ರಬಂಧಗಳನ್ನೂ ಸೇರಿಸಬೇಕಾ ಮೇಡಂ? 2022ರ ನಿಯಮದಿಂದ ಎಂ.ಫಿಲ್ ನಿಂತುಹೋಯಿತು, ಈಗ ಅವುಗಳನ್ನು ಯಾರೂ ಕೇಳುವುದಿಲ್ಲ. ಆದರೆ ಒಂದೇ ಹಳ್ಳಿಯನ್ನು ಆಳವಾಗಿ ನೋಡಿದ ಅಧ್ಯಯನಗಳು ಅವುಗಳಲ್ಲೇ ಜಾಸ್ತಿ.

ಕಲಬುರಗಿ ಉಪನ್ಯಾಸಕಿ

ಖಂಡಿತ ಸೇರಿಸಿ. ಅವುಗಳಿಂದಲೇ ಶುರು ಮಾಡಿ, ಮೊದಲು ಕಳೆದುಹೋಗುವುದು ಅವೇ.